ನೀವೇ ತಂದುಕೊಡ್ತೀರೋ, ನಾನೇ ಬಂದು ಒಯ್ಯಲೋ

ನಮ್ಮ ಪಕ್ಕದ ಮನೆಯ ಯಜಮಾನರು ಮುಜರಾಯಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇಲಾಖೆ ಬಿಟ್ಟಿತು, ದೇವಸ್ಥಾನ ಬಿಡಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಬೇಲೂರು, ಹಳೇಬೀಡಿನಿಂದ ಹಿಡಿದು ನೆತ್ತಿಯ ಮೇಲೆ ಅರಳಿಮರ ಬೆಳೆದು ಒಳಗೆ ಬಾವಲಿ ಸಂಸಾರ ಹೂಡಿರುವ ಗುಡಿಯವರೆಗೆ ಕಂಡ ಕಲ್ಲನ್ನೆಲ್ಲ ಚಿತ್ರ ತೆಗೆದು ಕಂಪ್ಯೂಟರಿಗೆ ತುಂಬಿದ್ದಾರೆ. ಅದೀಗ ಅರ್ಧ ಟೆರಾಬೈಟ್ ಆಗಿದೆ. ಹಾರ್ಡ್‌ಡಿಸ್ಕು ಟಿಕ್ ಟಿಕ್ ಅನ್ನತೊಡಗಿದ ಮೇಲೆ ಅವರಿಗೆ ನಿದ್ದೆ ಹತ್ತುತ್ತಿಲ್ಲ. ಸಂಜೆ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಒಂದು ಯೋಜನೆ ಮಂಡಿಸಿದರು.

“ನಮ್ಮನೇಲಿ ನಿಮ್ಮದೊಂದು ಪ್ರತಿ, ನಿಮ್ಮನೇಲಿ ನಮ್ಮದೊಂದು ಪ್ರತಿ. ಗೋಡೆ ಮೇಲೆ ಒಂದು ವೈರು ಎಳೆದರೆ ಮುಗೀತು. ಕ್ಲೌಡಿಗೆ ಯಾಕೆ ತಿಂಗಳು ತಿಂಗಳು ಬಾಡಿಗೆ ಕಟ್ಟೋದು?”

ಯೋಜನೆಗೆ ಅಡ್ಡ ಬಂದದ್ದು ಅದೇ ಗೋಡೆ. ನಮ್ಮಿಬ್ಬರ ಮನೆಗೂ ಕರೆಂಟು ಬರುವುದು ಒಂದೇ ಟ್ರಾನ್ಸ್‌ಫಾರ್ಮರಿನಿಂದ. ಅದು ಸಿಡಿದ ದಿನ ಎರಡೂ ಮನೆಯ ಡಿಸ್ಕು ಜೋಡಿಯಲ್ಲೇ ಹೋಗುತ್ತವೆ. ಕಳ್ಳನಿಗೂ ಈ ಮನೆ ಮುಗಿಸಿ ಆ ಮನೆಗೆ ಹಾರಲು ನಾಲ್ಕಡಿ ಏರಿದರೆ ಸಾಕು. ದೊಡ್ಡ ದೊಡ್ಡವರೇ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರು 2021ರ ಮಾರ್ಚ್ 10ರ ನಡುರಾತ್ರಿ ಹೊತ್ತಿ ಉರಿಯಿತು. ಬ್ಯಾಕಪ್ ಇದೆಯಲ್ಲ ಎಂದು ನೆಮ್ಮದಿಯಾಗಿದ್ದ ಎಷ್ಟೋ ಗಿರಾಕಿಗಳಿಗೆ ಆ ಬ್ಯಾಕಪ್ಪೂ ಅದೇ ಆವರಣದಲ್ಲಿತ್ತು ಅನ್ನುವುದು ತಿಳಿದದ್ದು ಬೂದಿ ಆರಿದ ಮೇಲೆ.

“ಹಾಗಾದರೆ ಸಾಗರ,” ಅಂದರು. ಸಾಗರದಲ್ಲಿ ಅವರ ತಮ್ಮನ ಮನೆ, ತೋಟ. ನಮ್ಮ ಮೈಸೂರಿನಿಂದ ಮುನ್ನೂರು ಕಿಲೋಮೀಟರಿಗೂ ಮೇಲೆ. ಒಂದೇ ಸಿಡಿಲು ಎರಡೂ ಕಡೆ ಹೊಡೆಯಲಾರದು. ಆಮೇಲೆ ಅವರಿಗೇ ಅನುಮಾನ ಬಂತು. “ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋಗಿ ಹೋಗಿ ಬರುತ್ತೆ. ಪರವಾಗಿಲ್ವಾ?”

ಕರೆಂಟು ಹೋದದ್ದರಿಂದಲೇ ಬದುಕಿಕೊಂಡವರಿದ್ದಾರೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ಮಾರಿ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಜಾಲಕ್ಕೆ ನುಗ್ಗಿತು. ಯಾರು ಯಾವ ಕಂಪ್ಯೂಟರಿಗೆ ಪ್ರವೇಶಿಸಬಹುದು ಎಂಬ ದಫ್ತರ ಇಟ್ಟುಕೊಂಡಿದ್ದ ಸರ್ವರುಗಳು ಅವರಲ್ಲಿ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳಲಿ ಎಂದು ಎಲ್ಲವೂ ಸದಾ ಒಂದನ್ನೊಂದು ನಕಲು ಮಾಡಿಕೊಳ್ಳುತ್ತಿದ್ದವು. ಎಲ್ಲವೂ ಏಕಕಾಲಕ್ಕೆ ಅಳಿಸಿಹೋಗಬಹುದು ಎಂದು ಮಾತ್ರ ಯಾರೂ ಎಣಿಸಿರಲಿಲ್ಲ. ಊರೂರು ಹುಡುಕಿದ ಮೇಲೆ ಘಾನಾದ ಕಚೇರಿಯಲ್ಲಿ ಒಂದು ಸಿಕ್ಕಿತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಕಡಿದುಕೊಂಡಿತ್ತು! ಘಾನಾದ ಸಿಬ್ಬಂದಿಗೆ ಬ್ರಿಟನ್ನಿನ ವೀಸಾ ಇರಲಿಲ್ಲವಾಗಿ ನೈಜೀರಿಯಾದವರೆಗೆ ಒಬ್ಬರು, ಅಲ್ಲಿಂದ ಲಂಡನ್ನಿಗೆ ಇನ್ನೊಬ್ಬರು ಆ ಡಿಸ್ಕನ್ನು ಕೈಯಲ್ಲಿ ಹಿಡಿದು ಒಯ್ದರು.

“ಅಂದ್ರೆ ಕರೆಂಟ್ ಆಫೀಸಿನವರೂ ನಮ್ಮ ಕಡೆಯವರೇ ಅಂತಾಯ್ತು,” ಅಂದರು ಯಜಮಾನರು, ಇಷ್ಟು ವರ್ಷ ಬೈದದ್ದಕ್ಕೆ ಸ್ವಲ್ಪ ಸಂಕೋಚಪಟ್ಟುಕೊಂಡು.

ಸಾಗರಕ್ಕೆ ಹೋಗುವ ಪ್ರತಿಗೆ ಬೀಗ, ಅಂದರೆ ಎನ್‌ಕ್ರಿಪ್ಶನ್, ಬೇಕೋ ಬೇಡವೋ ಎಂಬ ವಿಷಯಕ್ಕೆ ಬಂದೆವು. “ದೇವರ ಫೋಟೋ ತಾನೆ, ತಮ್ಮ ನೋಡಿದರೆ ಅವನಿಗೂ ಪುಣ್ಯ,” ಎಂದರು. ಅದೇ ಡಿಸ್ಕಿನಲ್ಲಿ ಉಯಿಲಿನ ಕರಡೂ ಇದೆ ಅಂದಿದ್ದಿರಲ್ಲ ಎಂದೆ. ಪೈಪಿನ ನೀರು ದಾಸವಾಳದ ಬುಡ ಬಿಟ್ಟು ಅವರ ಚಪ್ಪಲಿಯ ಮೇಲೆ ಬೀಳತೊಡಗಿತು. “ಬೀಗ ಹಾಕೋಣ,” ಅಂದರು.

ಬೀಗ ಹಾಕುವುದಾದರೆ ನಮ್ಮ ಮನೆ ಬಿಡುವ ಮೊದಲೇ ಹಾಕಬೇಕು. ಬೋರ್ಗ್, ರೆಸ್ಟಿಕ್ ಮೊದಲಾದ ತಂತ್ರಾಂಶಗಳು ಈ ಕೆಲಸಕ್ಕೇ ಹುಟ್ಟಿದವು, ಎರಡೂ ಪುಕ್ಕಟೆ. ಅವು ಕಡತಗಳನ್ನು ಸಣ್ಣ ತುಣುಕು ಮಾಡಿ, ಹಿಂದೆ ಕಳಿಸಿದ ತುಣುಕು ಯಾವುದು, ಹೊಸದು ಯಾವುದು ಎಂದು ನೋಡಿ, ಹೊಸದಕ್ಕೆ ಮಾತ್ರ ಬೀಗ ಹಾಕಿ ಆಚೆ ಕಳಿಸುತ್ತವೆ. ತಮ್ಮನ ಯಂತ್ರದಲ್ಲಿ ಕಾಣುವುದು ಅರ್ಥವಿಲ್ಲದ ಹೆಸರಿನ ಕಡತಗಳ ರಾಶಿ, ಅಷ್ಟೆ. ಫೋಟೋ ಕಾಣುವುದಿಲ್ಲ, ಫೋಟೋದ ಹೆಸರೂ ಕಾಣುವುದಿಲ್ಲ. ಹೆಸರೂ ಕಾಣಬಾರದು ಎಂಬುದು ಸಣ್ಣ ಮಾತಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಕಾಯುವ ಕಂಪನಿಯ ಬ್ಯಾಕಪ್ಪನ್ನೇ ಕದ್ದರು. ಪಾಸ್‌ವರ್ಡುಗಳಿಗೆ ಬೀಗ ಇತ್ತು, ಅವು ಯಾವ ಯಾವ ತಾಣದವು ಎಂಬ ವಿಳಾಸಗಳಿಗೆ ಇರಲಿಲ್ಲ. ಯಾರ ಖಾತೆ ಎಲ್ಲಿದೆ ಎಂಬ ಪಟ್ಟಿ ಕಳ್ಳರಿಗೆ ಬಿಟ್ಟಿಯಾಗಿ ಸಿಕ್ಕಿತು. ಹಾಗೆ ನೋಡಿದರೆ ಎಷ್ಟೇ ಬಿಗಿ ಮಾಡಿದರೂ ಗಾತ್ರವನ್ನೂ ಹೊತ್ತನ್ನೂ ಪೂರ್ತಿ ಮುಚ್ಚಿಡಲಾಗದು. ಅಣ್ಣ ಯಾವ ವಾರ ತಿರುಗಾಟಕ್ಕೆ ಹೋಗಿದ್ದ ಎಂಬುದು ತಮ್ಮನಿಗೆ ಡಿಸ್ಕಿನ ಹೊಟ್ಟೆ ನೋಡಿಯೇ ತಿಳಿಯುತ್ತದೆ.

ಈಗ ಬಂತು ಮುಖ್ಯ ಪ್ರಶ್ನೆ. ಮೈಸೂರಿನ ಯಂತ್ರ ಸಾಗರಕ್ಕೆ ಕಳಿಸಬೇಕೋ, ಸಾಗರದ ಯಂತ್ರ ಮೈಸೂರಿಗೆ ಬಂದು ಎತ್ತಿಕೊಂಡು ಹೋಗಬೇಕೋ? ಕಂಪ್ಯೂಟರಿನವರು ಮೊದಲನೆಯದನ್ನು ಪುಶ್ ಅನ್ನುತ್ತಾರೆ, ಎರಡನೆಯದನ್ನು ಪುಲ್. ಈ ಎರಡರ ನಡುವೆ ಅವರಲ್ಲಿ ದ್ವೈತ–ಅದ್ವೈತದಷ್ಟೇ ಹಳೆಯ ಜಗಳ ಇದ್ದಂತಿದೆ. ಯಜಮಾನರಿಗೆ ಮಾತ್ರ ಇದು ಜಗಳವಾಗಿಯೇ ಕಾಣಲಿಲ್ಲ. “ಯಾರು ಹೊತ್ತರೇನು, ಸಾಮಾನು ಅಲ್ಲಿಗೆ ಮುಟ್ಟಿದರೆ ಸರಿ ತಾನೆ?”

ಸರಿಯಲ್ಲ. ಪುಶ್ ಅಂದರೆ ಸಾಗರದ ಬಾಗಿಲಿನ ಕೀಲಿ ಮೈಸೂರಿನ ಯಂತ್ರದೊಳಗೆ ಇರಬೇಕು. ರಾತ್ರಿ ಎರಡಕ್ಕೆ ಯಾರೂ ಎದ್ದು ಪಾಸ್‌ವರ್ಡ್ ಒತ್ತುವುದಿಲ್ಲವಲ್ಲ, ಯಂತ್ರವೇ ತೆರೆದುಕೊಳ್ಳಬೇಕು. ಇನ್ನು ಯಜಮಾನರ ಕಂಪ್ಯೂಟರಿನ ಆರೋಗ್ಯ ನನಗೆ ಗೊತ್ತಿದೆ. ಮೊಮ್ಮಗ ಅದರಲ್ಲಿ ಆಟಗಳನ್ನು ಇಳಿಸಿಕೊಳ್ಳುತ್ತಾನೆ. ಅವುಗಳ ಜೊತೆಗೆ ರ‍್ಯಾನ್ಸಮ್‌ವೇರ್ ಒಂದು ಒಳಹೊಕ್ಕಿತು ಅನ್ನಿ. ಅದು ಬೇಲೂರು, ಹಳೇಬೀಡುಗಳಿಗೆಲ್ಲ ತನ್ನ ಬೀಗ ಜಡಿದು ದುಡ್ಡು ಕೇಳುತ್ತದೆ. ಕೇಳುವ ಮೊದಲು ಇನ್ನೊಂದು ಕೆಲಸ ಮಾಡಿರುತ್ತದೆ: ಬ್ಯಾಕಪ್ ಎಲ್ಲಿದೆ ಎಂದು ಹುಡುಕಿ, ಕೈಗೆ ಸಿಕ್ಕ ಕೀಲಿಯಿಂದಲೇ ಸಾಗರದ ಬಾಗಿಲು ತೆರೆದು ಅಲ್ಲಿಯದನ್ನೂ ಗುಡಿಸಿ ಹಾಕಿರುತ್ತದೆ. ಬ್ಯಾಕಪ್ ಇದ್ದವನು ದುಡ್ಡು ಕೊಡುವುದಿಲ್ಲ ಎಂಬ ವ್ಯಾಪಾರದ ಲೆಕ್ಕ ಆ ಕಳ್ಳರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕೋಡ್ ಸ್ಪೇಸಸ್ ಎಂಬ ಕಂಪನಿ ಇತ್ತು. ಬೇರೆಯವರ ಪ್ರೋಗ್ರಾಂಗಳನ್ನು ಜೋಪಾನ ಮಾಡುವುದೇ ಅದರ ಕಸುಬು. 2014ರ ಜೂನ್‌ನಲ್ಲಿ ಯಾರೋ ಅದರ ಅಮೆಜಾನ್ ಕ್ಲೌಡ್ ಖಾತೆಯೊಳಗೆ ಹೊಕ್ಕು ಹಣ ಕೇಳಿದರು. ಇವರು ಖಾತೆಯನ್ನು ಹಿಂದಕ್ಕೆ ಕಿತ್ತುಕೊಳ್ಳಲು ಹೊರಟಾಗ ಅವರು ಒಳಗೆ ಕೂತು ಒಂದೊಂದೇ ಅಳಿಸುತ್ತ ಹೋದರು. ಅಸಲೂ ಬ್ಯಾಕಪ್ಪೂ ಒಂದೇ ಖಾತೆಯ ಅಧಿಕಾರದಡಿ ಇದ್ದವು. ಕಂಪನಿ ಅಲ್ಲಿಗೇ ಬಾಗಿಲು ಹಾಕಿತು.

ಇದನ್ನು ಕೇಳಿ ಯಜಮಾನರು ಪೈಪ್ ನಿಲ್ಲಿಸಿದರು. “ಅಂದ್ರೆ ಹಾಕೋಕೆ ಬರಬೇಕು, ತೆಗೆಯೋಕೆ ಬರಬಾರದು. ಹುಂಡಿ ಇಡಿ ಅಲ್ಲಿ.”

ಇಲಾಖೆಯ ಅನುಭವ ಅಂದರೆ ಇದು. ಹುಂಡಿಗೆ ಯಾರು ಬೇಕಾದರೂ ಕಾಸು ಹಾಕಬಹುದು. ಹಾಕಿದವನೂ ಅದನ್ನು ಹಿಂದಕ್ಕೆ ತೆಗೆಯಲಾರ, ಪಕ್ಕದಲ್ಲೇ ನಿಂತ ಅರ್ಚಕರೂ ತೆಗೆಯಲಾರರು. ತೆರೆಯುವ ದಿನ ಬೇರೆ. ಆ ದಿನ ಅಧಿಕಾರಿಗಳು, ಬ್ಯಾಂಕಿನವರು, ಕ್ಯಾಮೆರಾ, ಎಲ್ಲರ ಎದುರಿಗೆ ಎಣಿಕೆ. ಬ್ಯಾಕಪ್ಪಿನವರು ಇದಕ್ಕೆ ಅಪೆಂಡ್-ಓನ್ಲಿ ಅನ್ನುತ್ತಾರೆ. ಮೈಸೂರಿನ ಕೀಲಿಗೆ ಸಾಗರದಲ್ಲಿ ಒಂದು ಕಟ್ಟು ಹಾಕಿಡುತ್ತೇವೆ: ಈ ಕೀಲಿ ಹಿಡಿದು ಬಂದವನು ಬೋರ್ಗ್ ಒಂದನ್ನೇ ಓಡಿಸಬೇಕು, ಈ ಒಂದು ಫೋಲ್ಡರ್ ಬಿಟ್ಟು ಬೇರೆ ಕಡೆ ಕಣ್ಣು ಹಾಕಬಾರದು, ಸೇರಿಸಬಹುದು, ಅಳಿಸಬಾರದು. ಎಸ್‌ಎಸ್‌ಎಚ್ ಎಂಬ ದೂರಸಂಪರ್ಕದ ವ್ಯವಸ್ಥೆಯಲ್ಲಿ ಒಂದೇ ಸಾಲು ಬರೆದರೆ ಇಷ್ಟೂ ಆಗುತ್ತದೆ.

ಆದರೆ ಹುಂಡಿಯಲ್ಲೂ ಕೈಚಳಕ ಇಲ್ಲವೇ, ಯಜಮಾನರೇ ಹೇಳಲಿ. ಬೋರ್ಗ್‌ನ ಅಪೆಂಡ್-ಓನ್ಲಿಯಲ್ಲಿ ಒಂದು ಸೂಕ್ಷ್ಮವಿದೆ. ಕಳ್ಳ ಬಂದು “ಎಲ್ಲ ಅಳಿಸು” ಅಂದರೆ ಅದು ಜಗಳಕ್ಕೆ ನಿಲ್ಲುವುದಿಲ್ಲ, “ಆಯಿತು” ಅನ್ನುತ್ತದೆ. ಮೇಲ್ನೋಟಕ್ಕೆ ಎಲ್ಲ ಅಳಿಸಿದಂತೆಯೇ ಕಾಣುತ್ತದೆ. ಆದರೆ ಹಳೆಯ ತುಣುಕುಗಳು ಡಿಸ್ಕಿನಲ್ಲಿ ಹಾಗೇ ಬಿದ್ದಿರುತ್ತವೆ. ಅಳಿಸುವ ಆಜ್ಞೆಯೂ ದಾಖಲೆಯ ಇನ್ನೊಂದು ಸಾಲಾಗಿ ಸೇರಿಕೊಂಡಿರುತ್ತದೆ. ಸಕಾಲಕ್ಕೆ ಗೊತ್ತಾದರೆ ಆ ಸಾಲಿನ ಹಿಂದಿನ ಸ್ಥಿತಿಗೆ ಮರಳಬಹುದು. ಯಾರೂ ಗಮನಿಸಲಿಲ್ಲ, ತಮ್ಮ “ಜಾಗ ಸಾಲದು” ಎಂದು ಕಟ್ಟಿಲ್ಲದ ತನ್ನ ಕೀಲಿಯಿಂದ, ಬೇಡದ ತುಣುಕುಗಳನ್ನು ಗುಡಿಸುವ ಕಂಪ್ಯಾಕ್ಟ್ ಆಜ್ಞೆ ಓಡಿಸಿದ ಅನ್ನಿ, ಕಳ್ಳ ಅರ್ಧಕ್ಕೆ ಬಿಟ್ಟದ್ದನ್ನು ಮನೆಯವರೇ ಶ್ರದ್ಧೆಯಿಂದ ಪೂರೈಸಿದ ಹಾಗಾಗುತ್ತದೆ.

ರೆಸ್ಟಿಕ್‌ನ ಸರ್ವರು ಈ ವಿಷಯದಲ್ಲಿ ಖಡಕ್ಕು, ಅಳಿಸುವುದಿಲ್ಲ ಎಂದು ಮುಖಕ್ಕೇ ಹೇಳುತ್ತದೆ. ಆಗ ಕಳ್ಳ ಇನ್ನೊಂದು ದಾರಿ ಹಿಡಿಯುತ್ತಾನೆ. ಅಳಿಸಲು ಬಾರದಿದ್ದರೂ ಹಾಕಲು ಬರುತ್ತದಲ್ಲ? ಹುಂಡಿಗೆ ಖೋಟಾ ನಾಣ್ಯ ಸುರಿಯುತ್ತಾನೆ. ಏನೂ ಇಲ್ಲದ ಖಾಲಿ ಬ್ಯಾಕಪ್ಪುಗಳನ್ನು ಬೇಕಾದ ತಾರೀಖು ಹಾಕಿ ಸಾಲಾಗಿ ತುಂಬುತ್ತಾನೆ. ತಿಂಗಳ ಕೊನೆಗೆ ಯಜಮಾನರು “ಇತ್ತೀಚಿನ ಹತ್ತು ಇಟ್ಟುಕೊಂಡು ಉಳಿದದ್ದು ತೆಗೆದುಬಿಡು” ಎಂದು ಆಜ್ಞೆ ಕೊಟ್ಟಾಗ ಉಳಿಯುವುದು ಖೋಟಾ ಹತ್ತು, ಹೋಗುವುದು ಅಸಲಿ ಬೇಲೂರು. ಅದಕ್ಕೇ ರೆಸ್ಟಿಕ್‌ನವರು ಎಷ್ಟು ಎಂಬ ಎಣಿಕೆಯಿಂದ ಉಳಿಸಬೇಡಿ, ಇಂತಿಷ್ಟು ಕಾಲದೊಳಗಿನದು ಎಂದು ಹೇಳಿ ಉಳಿಸಿ ಎನ್ನುತ್ತಾರೆ. ಅದನ್ನೂ ಕಣ್ಣುಮುಚ್ಚಿ ಮಾಡುವಂತಿಲ್ಲ. ಎಣಿಕೆಯ ದಿನ ನಾಲ್ಕು ಜನ ಯಾಕೆ ಕೂರುತ್ತಾರೆ ಎಂದು ನಾನು ಇವರಿಗೆ ಹೇಳಿಕೊಡಬೇಕೆ?

ಅಳಿಸುವ ಹಕ್ಕನ್ನೇ ಬೇರೆ ಕೀಲಿಯಾಗಿ ಒಡೆದಿಟ್ಟವರು ಕಾಲಿನ್ ಪರ್ಸಿವಲ್ ಎಂಬ ಕೆನಡಾದ ಕಂಪ್ಯೂಟರ್ ವಿಜ್ಞಾನಿ. ಅವರ ಟಾರ್‌ಸ್ನ್ಯಾಪ್ ಸೇವೆಯಲ್ಲಿ ಬರೆಯುವ ಕೀಲಿ, ಓದುವ ಕೀಲಿ, ಅಳಿಸುವ ಕೀಲಿ ಮೂರನ್ನೂ ಬೇರೆ ಮಾಡಿಕೊಳ್ಳಬಹುದು. ಯಂತ್ರದಲ್ಲಿ ಬರೆಯುವುದನ್ನಷ್ಟೇ ಬಿಟ್ಟು ಉಳಿದೆರಡನ್ನು ಬೀರುವಿನಲ್ಲಿಟ್ಟರೆ, ಯಂತ್ರ ಹೊಕ್ಕ ಕಳ್ಳ ನಿಮ್ಮ ಹಳೆಯ ಬ್ಯಾಕಪ್ಪನ್ನು ಅಳಿಸುವುದಿರಲಿ, ತೆರೆದು ನೋಡಲೂ ಆರ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವಿಚಾರ ಇನ್ನೊಂದಿಲ್ಲ. ಬೆಲೆ ಹೇಳುವ ರೀತಿಯೂ ಸ್ವಾರಸ್ಯ: ಒಂದು ಬೈಟಿಗೆ ತಿಂಗಳಿಗೆ 250 ಪಿಕೋಡಾಲರ್! ಯಜಮಾನರು “ಅಷ್ಟೇನಾ!” ಎಂದು ಹಿಗ್ಗಿದರು. ಒಂದು ಜಿಬಿಗೆ ಕಾಲು ಡಾಲರ್, ನಿಮ್ಮ ಅರ್ಧ ಟೆರಾಬೈಟಿಗೆ ತಿಂಗಳಿಗೆ ನೂರಿಪ್ಪತ್ತೈದು ಡಾಲರ್ ಎಂದು ಲೆಕ್ಕ ಹಾಕಿ ಹೇಳಿದ ಮೇಲೆ ಮತ್ತೆ ತಮ್ಮನ ಮನೆಯೇ ಲೇಸು ಅನ್ನಿಸಿತು. ಅಂಥ ಪರ್ಸಿವಲ್ ಅವರ ತಂತ್ರಾಂಶದಲ್ಲೂ ಬೀಗದ ಲೆಕ್ಕದಲ್ಲಿ ಒಂದು ಲೋಪ ನುಸುಳಿತ್ತು. 2011ರ ಜನವರಿಯಲ್ಲಿ ಬೇರೊಬ್ಬರು ಅದನ್ನು ಕಂಡುಹಿಡಿದಾಗ ಅವರು ಮುಚ್ಚಿಡಲಿಲ್ಲ, ಎಲ್ಲ ವಿವರ ಬರೆದು ಪ್ರಕಟಿಸಿದರು. ಹಾಗೆ ಮಾಡುವವರ ಬಳಿ ನನ್ನ ಕಡತ ಇಡಲು ನನಗೆ ಅಂಜಿಕೆಯಿಲ್ಲ.

ಇನ್ನು ಪುಲ್. ಇದರ ಗುಣವನ್ನು ಮೊದಲು ಹೇಳಿಬಿಡಬೇಕು, ಇಲ್ಲವಾದರೆ ಪಕ್ಷಪಾತ ಆಗುತ್ತದೆ. ಸಾಗರದ ಯಂತ್ರವೇ ಬಂದು ಒಯ್ಯುವುದಾದರೆ ಮೈಸೂರಿನ ಯಂತ್ರಕ್ಕೆ ಸಾಗರ ಎಲ್ಲಿದೆ ಎಂದೇ ಗೊತ್ತಿರಬೇಕಾಗಿಲ್ಲ. ಒಳಹೊಕ್ಕ ಕಳ್ಳನಿಗೆ ಕದಿಯಲು ಕೀಲಿಯೇ ಇಲ್ಲ. ದೊಡ್ಡ ಕಚೇರಿಗಳಲ್ಲಿ ನೂರಾರು ಯಂತ್ರಗಳ ಬ್ಯಾಕಪ್ಪನ್ನು ಒಂದೇ ಕಡೆಯಿಂದ ನಡೆಸಲು ಇದು ಸಲೀಸು. ಬ್ಯಾಕಪ್‌ಪಿಸಿ, ಆರ್‌ಸ್ನ್ಯಾಪ್‌ಶಾಟ್ ಮುಂತಾದವು ಹೀಗೇ ಕೆಲಸ ಮಾಡುತ್ತವೆ. ಒಯ್ಯುವವನಿಗೆ ಇವತ್ತು ಯಾವ ಯಂತ್ರ ಬಾಗಿಲು ತೆಗೆಯಲಿಲ್ಲ ಎಂಬುದು ಕೂಡಲೇ ತಿಳಿಯುತ್ತದೆ. ಪುಶ್‌ನಲ್ಲಿ ಕಳಿಸುವವನು ಸುಮ್ಮನಾಗಿಬಿಟ್ಟರೆ ಆ ಕಡೆಯವನು ಏನೂ ಬರಲಿಲ್ಲ ಎಂದು ಎದ್ದು ಕೂಗಬೇಕಲ್ಲ, ಅವನು ಕೂಗುವುದಿಲ್ಲ.

ಆ ಮೌನ ಎಷ್ಟು ದುಬಾರಿ ಅನ್ನುವುದಕ್ಕೆ ಗಿಟ್‌ಲ್ಯಾಬ್ ಕಥೆ ಇದೆ. 2017ರ ಜನವರಿ 31ರ ರಾತ್ರಿ ಅಲ್ಲಿಯ ಎಂಜಿನಿಯರೊಬ್ಬರು ಒಂದು ಸರ್ವರು ಎಂದುಕೊಂಡು ಇನ್ನೊಂದರಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಗಾಬರಿಯಾಗಿ ನಿಲ್ಲಿಸುವಷ್ಟರಲ್ಲಿ 300 ಜಿಬಿಯಷ್ಟಿದ್ದ ಡೇಟಾಬೇಸಿನಲ್ಲಿ ಉಳಿದಿದ್ದು ಸುಮಾರು 4.5 ಜಿಬಿ. ಬ್ಯಾಕಪ್ ತೆಗೆಯೋಣ ಎಂದು ಹೋದರೆ ಅದನ್ನು ಇಡುತ್ತಿದ್ದ ಜಾಗವೇ ಖಾಲಿ! ಬ್ಯಾಕಪ್ ಮಾಡುವ ಪ್ರೋಗ್ರಾಂ ಹಳೆಯ ಆವೃತ್ತಿಯದಾಗಿದ್ದು ಪ್ರತಿಸಲವೂ ಸೋಲುತ್ತಿತ್ತು. ಸೋತೆ ಎಂದು ಇಮೇಲನ್ನೂ ಕಳಿಸುತ್ತಿತ್ತು. ಕಳುಹಿಸಿದವರ ಗುರುತು ಸರಿಯಾಗಿಲ್ಲ ಎಂದು ಆ ಇಮೇಲುಗಳನ್ನು ಅಂಚೆ ಸರ್ವರು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಬೇರೆ ಯಾವುದೋ ಕೆಲಸಕ್ಕೆಂದು ಒಬ್ಬರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಅವರನ್ನು ಕಾಪಾಡಿತು.

ಇಷ್ಟೆಲ್ಲ ಗುಣ ಇದ್ದರೂ ನನಗೆ ಪುಲ್ ಅಂದರೆ ಅಷ್ಟಕ್ಕಷ್ಟೆ. ಕಾರಣ ಒಯ್ಯುವವನ ಸೊಂಟದ ಗೊಂಚಲು. ಎಲ್ಲ ಯಂತ್ರಗಳ ಎಲ್ಲ ಕಡತಗಳನ್ನೂ ಓದಬಲ್ಲ ಕೀಲಿಗಳು ಅವನ ಬಳಿ ಇರಬೇಕು. ಅವನೊಬ್ಬ ಕೆಟ್ಟರೆ ಎಲ್ಲ ಮನೆಯ ಕದವೂ ತೆರೆದ ಹಾಗೆ. ಅದಕ್ಕಿಂತ ದೊಡ್ಡ ತೊಡಕು ಬೀಗದ್ದು. ಅವನು ಬಂದು ನಮ್ಮ ಡಿಸ್ಕಿನಿಂದ ಓದಿಕೊಳ್ಳುವಾಗ ಕಡತಗಳು ತೆರೆದೇ ಇರುತ್ತವೆ. ದಾರಿಯಲ್ಲಿ ಎಸ್‌ಎಸ್‌ಎಚ್ ಮುಚ್ಚಿಡುತ್ತದೆ, ಸರಿ. ಸಾಗರ ಮುಟ್ಟಿದ ಮೇಲೆ ಮತ್ತೆ ತೆರೆದದ್ದೇ. ಅಲ್ಲಿ ಅವನು ಬೀಗ ಹಾಕಿಕೊಂಡರೂ ಕೀಲಿ ಅವನದೇ. ಉಯಿಲನ್ನು ತಮ್ಮನೇ ಓದಿ, ಮಡಚಿ, ತಮ್ಮನೇ ಲಕೋಟೆಗೆ ಹಾಕಿಟ್ಟ ಹಾಗಾಯಿತು.

ಇದಕ್ಕೂ ಮದ್ದಿಲ್ಲವೆಂದಲ್ಲ. ಒಯ್ಯಲು ಬಂದವನ ಕೈಗೆ ಮೊದಲೇ ಬೀಗ ಹಾಕಿಟ್ಟ ಪ್ರತಿಯನ್ನು ಮಾತ್ರ ಕೊಡುವುದು. ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ 2019ರ ಆವೃತ್ತಿಯಿಂದ, ಬೀಗ ಹಾಕಿದ ಡಿಸ್ಕನ್ನು ಬಿಚ್ಚದೆ ಹಾಗ್ಹಾಗೇ ಆಚೆ ಕಳಿಸುವ ಸೌಲಭ್ಯವಿದೆ. ಪಡೆದವನ ಬಳಿ ಕೀಲಿ ಇಲ್ಲದೆಯೂ ಪ್ರತಿ ಸರಿಯಾಗಿ ಕೂರುತ್ತದೆ. ಅಷ್ಟೆಲ್ಲ ಬೇಡವಾದರೆ ಬೋರ್ಗ್‌ನಿಂದ ಮನೆಯ ಇನ್ನೊಂದು ಡಿಸ್ಕಿಗೇ ಬೀಗ ಹಾಕಿದ ಬ್ಯಾಕಪ್ ಮಾಡಿ, ಆ ಫೋಲ್ಡರ್ ಒಂದನ್ನೇ ಓದಲು ಮಾತ್ರ ಸಾಧ್ಯವಾಗುವ ಕೀಲಿಯನ್ನು ಸಾಗರಕ್ಕೆ ಕೊಡಬಹುದು. ಆಗ ಒಯ್ಯುವವನು ಓದಲಾರ, ಇರುವವನು ಅಳಿಸಲಾರ. ಈ ಎರಡು ಮಾತು ನಿಂತ ಮೇಲೆ ಯಾರು ಹೊತ್ತರೂ ನನ್ನ ತಕರಾರಿಲ್ಲ.

“ಅದನ್ನೇ ನಾನು ಆಗಲೇ ಹೇಳಿದ್ದು, ಯಾರು ಹೊತ್ತರೇನು ಅಂತ,” ಎಂದರು ಯಜಮಾನರು. ಇಲಾಖೆಯಲ್ಲಿ ಕಡತ ಗೆಲ್ಲುತ್ತಿದ್ದದ್ದೇ ಹೀಗಿರಬೇಕು.

ಆದರೆ ಸಾಗರ–ಮೈಸೂರಿನ ಮಟ್ಟಿಗೆ ದಿಕ್ಕನ್ನು ನಿರ್ಧರಿಸಿದ್ದು ಈ ತತ್ತ್ವ ಯಾವುದೂ ಅಲ್ಲ, ಇಂಟರ್ನೆಟ್ ಕೊಡುವವರು. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಸಾಲದಾಗಿ, ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ನಾವು ಒಳಗಿನಿಂದ ಆಚೆ ಹೋಗಬಹುದು, ಆಚೆಯಿಂದ ಯಾರೂ ನಮ್ಮ ಮನೆ ಹುಡುಕಿಕೊಂಡು ಬರಲಾರರು. ಇಲ್ಲೂ ಹಾಗೇ, ಅಲ್ಲೂ ಹಾಗೇ. ಮೈಸೂರು ಕಳಿಸುತ್ತೇನೆ ಅಂದರೆ ಸಾಗರಕ್ಕೆ ಬಾಗಿಲಿಲ್ಲ. ಸಾಗರ ಒಯ್ಯುತ್ತೇನೆ ಅಂದರೆ ಮೈಸೂರಿಗೆ ಬಾಗಿಲಿಲ್ಲ. ಹೊಸ ಪದ್ಧತಿಯ ಐಪಿವಿ6ರಲ್ಲಿ ವಿಳಾಸಕ್ಕೆ ಬರವಿಲ್ಲ, ಆದರೆ ಎರಡೂ ಮನೆಯ ರೌಟರುಗಳನ್ನು ಒಪ್ಪಿಸುವುದು ಬೀಗರನ್ನು ಒಪ್ಪಿಸಿದಷ್ಟೇ ಕಷ್ಟ.

ಹಾಗಾಗಿ ನಡುವೆ ಒಂದು ಬಾಡಿಗೆ ಸರ್ವರು ತಗೊಂಡೆವು. ಮೈಸೂರು ಅಲ್ಲಿಗೆ ಕಳಿಸುತ್ತದೆ, ಹುಂಡಿಯ ಕಟ್ಟಿನೊಳಗೆ. ಸಾಗರ ಅಲ್ಲಿಂದ ಒಯ್ಯುತ್ತದೆ, ಓದುವ ಕೀಲಿಯಿಂದ ಮಾತ್ರ. ಒಂದು ಹೆಜ್ಜೆ ಪುಶ್, ಇನ್ನೊಂದು ಪುಲ್. ಎರಡೂ ಮನೆಗಳು ಆಚೆಗೆ ಹೋಗುತ್ತವೆಯೇ ಹೊರತು ಯಾವುದೂ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ನಡುವಿನವನ ಬಳಿ ಇರುವುದು ಬೀಗ ಹಾಕಿದ ತುಣುಕು. ಅವನು ಸಜ್ಜನನೋ ಅಲ್ಲವೋ ವಿಚಾರಿಸುವ ಗೋಜಿಲ್ಲ. ತಿಂಗಳ ಬಾಡಿಗೆ ಕಟ್ಟುವುದಿಲ್ಲ ಎಂದು ಶುರುವಾದ ಯೋಜನೆಗೆ ಬಾಡಿಗೆ ಅಂಟಿಕೊಂಡದ್ದನ್ನು ಯಜಮಾನರು ಗಮನಿಸಿದ್ದಾರೆ, ಅರ್ಧರ್ಧ ಎಂದು ಮಾತಾಗಿದೆ.

ಸಾಗರ ಒಯ್ಯುವಾಗ ಒಂದು ಎಚ್ಚರ ಬೇಕಿತ್ತು. ಆರ್‌ಸಿಂಕ್ ಅಂತ ಒಂದು ಸಾಧನ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಾಸ್ 1996ರಲ್ಲಿ ಬರೆದದ್ದು. ಬದಲಾದಷ್ಟನ್ನೇ ದಾಟಿಸುವ ಜಾಣ. ಆದರೆ ಅಲ್ಲಿ ಇಲ್ಲದ್ದನ್ನು ಇಲ್ಲೂ ಅಳಿಸು ಎಂದು ಹೇಳಿಟ್ಟರೆ ಅಲ್ಲಿ ಅಳಿದದ್ದನ್ನು ಇಲ್ಲೂ ನಿಷ್ಠೆಯಿಂದ ಅಳಿಸುತ್ತದೆ. ಆದ್ದರಿಂದ ಸಾಗರದಲ್ಲಿ ದಿನದಿನದ ಸ್ಥಿತಿಯನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳುವ ವ್ಯವಸ್ಥೆ ಮಾಡಿದ್ದೇವೆ. ಎರಡು ಪ್ರತಿ ಇದ್ದರೆ ಸಾಲದು, ಅವೆರಡೂ ಒಬ್ಬನ ಕೈಗೇ ಸಿಗುವಂತಿರಬಾರದು. ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಕಂಪನಿಯಲ್ಲಿ ಬ್ಯಾಕಪ್ ಎರಡೆರಡು ಇದ್ದವು. 2023ರ ಆಗಸ್ಟ್‌ನಲ್ಲಿ, ಸರ್ವರುಗಳನ್ನು ಒಂದು ಡೇಟಾ ಸೆಂಟರಿನಿಂದ ಇನ್ನೊಂದಕ್ಕೆ ಸಾಗಿಸುವ ಗಡಿಬಿಡಿಯಲ್ಲಿ, ಸೋಂಕು ತಗುಲಿದ್ದ ಯಂತ್ರಗಳೂ ಎಲ್ಲವನ್ನೂ ಆಳುವ ಒಳಜಾಲಕ್ಕೆ ತಗುಲಿಕೊಂಡವು. ಅಸಲು, ಮೊದಲ ಬ್ಯಾಕಪ್, ಎರಡನೆಯ ಬ್ಯಾಕಪ್ ಮೂರಕ್ಕೂ ಒಟ್ಟಿಗೆ ಬೀಗ ಬಿತ್ತು. ಬಹುಪಾಲು ಗಿರಾಕಿಗಳು ಎಲ್ಲವನ್ನೂ ಕಳೆದುಕೊಂಡರು.

ಮೊದಲ ಪ್ರತಿ ತಲುಪಿಸುವುದೇ ದೊಡ್ಡ ಕೆಲಸ. ಸೆಕೆಂಡಿಗೆ 20 ಮೆಗಾಬಿಟ್ ಆಚೆ ಹೋಗುವ ಸಂಪರ್ಕದಲ್ಲಿ 500 ಜಿಬಿ ಕಳಿಸಲು ಎಲ್ಲೂ ನಿಲ್ಲದೆ ಓಡಿದರೂ 55 ಗಂಟೆ ಮೇಲೆ ಬೇಕು. ಸಾಗರದ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ, ಡಿಸ್ಕನ್ನು ಪಂಚೆಯಲ್ಲಿ ಸುತ್ತಿ, ಯಜಮಾನರು ಬಸ್ಸಿನಲ್ಲೇ ಒಯ್ದರು. ದಾರಿಯಲ್ಲಿ ಕಳೆದುಹೋದರೂ ಭಯವಿಲ್ಲ, ಬೀಗ ಇದೆ. ಹೋದವರು ಇಕ್ಕೇರಿ, ಕೆಳದಿ ಎರಡನ್ನೂ ಮತ್ತೊಮ್ಮೆ ಚಿತ್ರ ತೆಗೆದುಕೊಂಡು ಬಂದರು, ಮರುದಿನ ಹುಂಡಿಗೆ ಬೀಳಲು ಹೊಸ ಕಾಸು.

ಉಳಿದದ್ದು ಆ ಬೀಗ ತೆರೆಯುವ ಪಾಸ್‌ಫ್ರೇಸ್. ಇದು ಮರೆತರೆ ಬಾಡಿಗೆ ಸರ್ವರಿನ ಪ್ರತಿಯೂ ಸಾಗರದ ಪ್ರತಿಯೂ ಕಸ; ಯಾವ ಕಂಪನಿಗೆ ಫೋನು ಮಾಡಿದರೂ ತೆರೆದುಕೊಡುವವರಿಲ್ಲ. ಮನೆದೇವರ ಹೆಸರು, ಮುಂದೆ 108, ಎಂದು ಅವರ ಸಲಹೆ. ಬೀದಿಯಲ್ಲಿ ಅರ್ಧ ಜನ ಊಹಿಸುತ್ತಾರೆ ಎಂದು ತಳ್ಳಿಹಾಕಿದೆ. ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 1995ರಲ್ಲಿ ಸೂಚಿಸಿದ ಡೈಸ್‌ವೇರ್ ಇದಕ್ಕೆ ಒಳ್ಳೆಯ ಉಪಾಯ: 7,776 ಪದಗಳ ಪಟ್ಟಿ, ದಾಳವನ್ನು ಐದು ಸಲ ಉರುಳಿಸಿದರೆ ಒಂದು ಪದ, ಅಂಥ ಆರೇಳು ಪದ ಸೇರಿಸಿದರೆ ಯಾರ ಅಪ್ಪನಿಂದಲೂ ಊಹಿಸಲಾಗದು. ಪದಗಳು ಇಂಗ್ಲಿಷಿನವು ಎಂದು ಯಜಮಾನರು ಮುಖ ಸಿಂಡರಿಸಿದರು. ಮೊಮ್ಮಗನ ಹಾವು–ಏಣಿ ಆಟದ ದಾಳ ತಂದು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲೇ ಪದ ಆರಿಸುತ್ತೇನೆಂದು ಕೂತರು.

ಆರಿಸಿದ್ದು ಸರಿ, ಒತ್ತುವುದು ಹೇಗೆ? ಕಚೇರಿಯಲ್ಲಿ ಕಲಿತದ್ದು ನುಡಿ. ಅದರ ಹಳೆಯ ಅಕ್ಷರಗಳು ಯೂನಿಕೋಡಿನವಲ್ಲ. ಯೂನಿಕೋಡಿನಲ್ಲೇ ಆದರೂ ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಜ್ಞೆಯಾಗಿಯೂ ಬರೆಯಬಹುದು, ಎರಡು ಸಂಜ್ಞೆ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೀಗಕ್ಕೆ ಬೇರೆ. ಈ ಕೀಬೋರ್ಡಿನಲ್ಲಿ ಹಾಕಿದ ಬೀಗ ಆ ಫೋನಿನಲ್ಲಿ ತೆರೆಯದೆ ಹೋದರೆ ಅಳುವವರು ಯಾರು? ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ, ಒತ್ತಿದ್ದನ್ನು ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ ಕಾಗದದಲ್ಲಿ ಬರೆದಿಡುವುದೆಂದು ರಾಜಿಯಾಯಿತು. ಬೋರ್ಗ್ ತನ್ನ ಕೀಲಿಯನ್ನೂ ಕಾಗದಕ್ಕೆ ಅಚ್ಚು ಹಾಕಿಕೊಡುತ್ತದೆ. ಅದೂ ಜೊತೆಗಿರಲಿ, ಎರಡು ಪ್ರತಿ ಮಾಡಿ, ಒಂದು ಬ್ಯಾಂಕಿನ ಲಾಕರಿಗೆ, ಇನ್ನೊಂದು ಮಗಳಿಗೆ, ತಮ್ಮನಿಗೆ ಮಾತ್ರ ಬೇಡ ಎಂದು ಹೇಳಿ ಮಲಗಲು ಹೋದೆ.

ಬೆಳಿಗ್ಗೆ ಗೋಡೆಯ ಬಳಿ ಯಜಮಾನರು ಗೆಲುವಾಗಿದ್ದರು. “ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಂಚೆಗೆ ಹಾಕಿದರೆ ಯಾವಾಗ ಮುಟ್ಟುತ್ತೋ ಅಂತ ಕಾಗದದ ಫೋಟೋ ತೆಗೆದು ಕಳಿಸಿಬಿಟ್ಟೆ. ರಾತ್ರಿಯೇ ನೋಡಿದಾಳೆ.”

“ಎಲ್ಲಿಗೆ ಕಳಿಸಿದಿರಿ?”

“ಫ್ಯಾಮಿಲಿ ಗ್ರೂಪಿಗೆ.”

ತಮ್ಮ ಆ ಗ್ರೂಪಿನಲ್ಲಿ ಇದ್ದಾನೆಯೇ ಎಂದು ಕೇಳಿದೆ. ಅವನೇ ಅದರ ಅಡ್ಮಿನ್ನಂತೆ. ಹೆಬ್ಬೆರಳೆತ್ತಿದ ಚಿತ್ರ ಹಾಕಿ, “ಯಾವ ಊರಿನ ಶಾಸನ ಇದು?” ಎಂದು ಕೇಳಿದ್ದಾನೆ.

ಪಾಸ್‌ಫ್ರೇಸ್ ಬದಲಾಯಿಸಿದರೆ ಒಳಗಿನ ಕೀಲಿ ಬದಲಾಗುವುದಿಲ್ಲ, ಆ ಕೀಲಿಯ ಅಚ್ಚೂ ಅದೇ ಫೋಟೋದಲ್ಲಿದೆ. ಇಡೀ ಬ್ಯಾಕಪ್ಪನ್ನು ಹೊಸ ಕೀಲಿಯಿಂದ ಮೊದಲಿನಿಂದ ಮಾಡಬೇಕು, ಡಿಸ್ಕು ಮತ್ತೆ ಬಸ್ಸು ಹತ್ತಬೇಕು. ಯಜಮಾನರಿಗೆ ಅದೇನೂ ಬೇಸರವಾಗಲಿಲ್ಲ. ಈ ಸಲ ಬನವಾಸಿಯನ್ನೂ ನೋಡಿಕೊಂಡು ಬರಬಹುದು ಎಂದು ಲೆಕ್ಕ ಹಾಕುತ್ತಿದ್ದಾರೆ. ದಾಳ ಮಾತ್ರ ಮೊಮ್ಮಗ ವಾಪಸು ತೆಗೆದುಕೊಂಡು ಬಿಟ್ಟಿದ್ದಾನೆ, ಅವನ ಆಟ ಮುಗಿಯುವವರೆಗೆ ಕಾಯಬೇಕು.